ಒಂದು ಹನಿ ಸಾಕು



ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಜೆಗೆಂದು ಕ್ಯಾರವಾನ್ ಎಳೆದುಕೊಂಡು ಹೊರಟ ಕುಟುಂಬವು ಅಡಿಲೇಡ್ ಬಳಿಯ ಮೊರಿಯಾಲ್ಟ ಜಲಪಾತವನ್ನೂ ಉತ್ತರದ ಸೆವೆನ್‌ಹಿಲ್ ಹಳ್ಳಿಯ ವೈನರಿಯನ್ನೂ ಒಂದೇ ದಿನ ನೋಡಬಹುದು. ಬಲಿಪೂಜೆಯ ದ್ರಾಕ್ಷಾರಸಕ್ಕಾಗಿ ಯೇಸುಸಭೆಯವರು 1851ರಲ್ಲಿ ಆರಂಭಿಸಿದ ವೈನರಿಯದು. ಇಂದಿಗೂ ಅಲ್ಲಿ ಪೂಜೆಯ ದ್ರಾಕ್ಷಾರಸ ತಯಾರಾಗುತ್ತದೆ. ಜಲಪಾತ ಹಾಗಲ್ಲ. ಚಳಿಗಾಲದ ಮಳೆಗೆ ಧುಮುಕುತ್ತದೆ, ಬೇಸಿಗೆಯಲ್ಲಿ ಬರಿ ಬಂಡೆ.

“ಫಾದರ್, ನನ್ನ ಪ್ರಾರ್ಥನೆ ಬತ್ತಿಹೋಗಿದೆ, ಪೂಜೆಗೇಕೆ ಬರಲಿ?” ಎಂದು ಕೇಳುವವರು ನಿಮ್ಮಲ್ಲಿದ್ದೀರಿ. ನಾನೂ ಆ ಬಂಡೆಯಂತೆ ಒಣಗಿ ಪೀಠದ ಮುಂದೆ ನಿಂತದ್ದುಂಟು. ಆದರೆ ಪಾನಪಾತ್ರೆಯ ದ್ರಾಕ್ಷಾರಸಕ್ಕೆ ಗುರುಗಳು ಬೆರೆಸುವ ನೀರೆಷ್ಟು? ಒಂದು ಹನಿ. ಅದು ನಮ್ಮ ಮನುಷ್ಯತ್ವ. ಬೆರೆತ ಮೇಲೆ ಅದನ್ನು ಬೇರ್ಪಡಿಸುವವರಿಲ್ಲ.

ಪ್ರಭು ಜಲಪಾತ ಕೇಳುವುದಿಲ್ಲ. ಈ ಭಾನುವಾರ ಆ ಒಂದು ಹನಿಯೊಂದಿಗೆ ಬನ್ನಿ.