ಮನೆಯ ಹಸಿವು, ಬೀದಿಯ ಹಸಿವು

ಆ ಚಿತ್ರವನ್ನು ಮೊದಲ ಸಲ ಕಂಡಾಗ ನಾನು ಪುಸ್ತಕವನ್ನು ಥಟ್ಟನೆ ಮುಚ್ಚಿದ್ದೆ. ಸ್ಟಾಫ್ ರೂಮಿನಲ್ಲಿ ಗಂಡಸರೂ ಇದ್ದರು. ಚಿತ್ರದಲ್ಲಿ, ಸೆರೆಮನೆಯ ಕಂಬಿಗಳ ನಡುವೆ ತಲೆ ಹೊರಚಾಚಿದ ಮುದುಕನಿಗೆ ಅವನ ಮಗಳೇ ಮೊಲೆಯೂಡಿಸುತ್ತಿದ್ದಳು. ಮನೆಗೆ ತಂದು ಮತ್ತೆ ನೋಡಿದಾಗ ಮುದುಕನ ಗಡ್ಡದ ಮೇಲೊಂದು ಹಾಲಿನ ಹನಿ ಕಣ್ಣಿಗೆ ಬಿತ್ತು. ನಾಚಿಕೆ ಹೋಗಿ ಗಂಟಲು ಕಟ್ಟಿತು.

ಇಟಲಿಯ ಕಾರವಾಜ್ಜೊ 1607ರ ಸುಮಾರಿಗೆ ಬರೆದ ಚಿತ್ರವದು. ನೇಪಲ್ಸ್ ನಗರದಲ್ಲಿ 1602ರಲ್ಲಿ ಬಡವರ ಸೇವೆಗೆಂದು ಹುಟ್ಟಿದ ಸಂಸ್ಥೆಯೊಂದರ ಚರ್ಚಿನಲ್ಲಿ ಈಗಲೂ ಇದೆ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬೆತ್ತಲೆಯವರಿಗೆ ಬಟ್ಟೆ, ದಾರಿಹೋಕರಿಗೆ ಆಸರೆ, ರೋಗಿಗಳ ಭೇಟಿ, ಸೆರೆಯಾಳುಗಳ ಭೇಟಿ, ಸತ್ತವರ ಸಂಸ್ಕಾರ: ಕ್ರೈಸ್ತರು ಹೇಳುವ ದಯೆಯ ಈ ಏಳು ಕಾರ್ಯಗಳನ್ನೂ ಚಿತ್ರಕಾರ ಒಂದೇ ಕತ್ತಲ ಬೀದಿಯಲ್ಲಿ ಸೇರಿಸಿದ್ದಾನೆ. ಅನ್ನಕ್ಕೂ ಸೆರೆಯಾಳಿನ ಭೇಟಿಗೂ ಸೇರಿ ಅಲ್ಲಿರುವವಳು ಒಬ್ಬಳೇ, ಪೆರೊ. ಸೆರೆಯಲ್ಲಿದ್ದ ಮುದಿ ತಂದೆಗೆ ಹಾಲೂಡಿಸಿದ ಅವಳ ಕಥೆಯನ್ನು ರೋಮಿನ ವಲೇರಿಯಸ್ ಮ್ಯಾಕ್ಸಿಮಸ್ ಒಂದನೆಯ ಶತಮಾನದಲ್ಲೇ ಬರೆದಿಟ್ಟಿದ್ದ.

ನನ್ನ ಸಂಶಯ ಇಷ್ಟೆ. ತಂದೆಗೆ ಉಣಿಸುವುದು ಋಣ ತೀರಿಸಿದಂತಲ್ಲವೆ? ಅದು ದಯೆ ಹೇಗಾದೀತು? ಪರರಿಗೆ ಕೊಟ್ಟರಲ್ಲವೆ ದಾನ?

ನನಗೆ ಇದು ಬರಿಯ ತರ್ಕವಲ್ಲ. ಅಪ್ಪ ಹಾಸಿಗೆ ಹಿಡಿದ ವರ್ಷ ನಾನು ಸಂಜೆ ಬಡಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತಿದ್ದೆ. ಊರವರು ಹೊಗಳುತ್ತಿದ್ದರು. ಮನೆ ಸೇರುವಾಗ ಕತ್ತಲಾಗಿ, ಅಪ್ಪನ ಗಂಜಿ ಆರಿ ತಣ್ಣಗಾಗಿರುತ್ತಿತ್ತು. "ಮಕ್ಕಳೆಲ್ಲ ಬಂದಿದ್ದರೇನಮ್ಮ?" ಎಂದಷ್ಟೇ ಅವರು ಕೇಳುತ್ತಿದ್ದರು. 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆ ಅವರ ಬಾಯಿಂದ ಬರಲಿಲ್ಲ, ನನ್ನೊಳಗೇ ಕೇಳಿಸುತ್ತಿತ್ತು. ನಿಜ ಹೇಳುತ್ತೇನೆ, ಪಾಠ ಹೇಳುವುದು ಸುಲಭವಿತ್ತು. ಅಪ್ಪನ ಬಾಯಿ ಒರೆಸುವುದು ಕಷ್ಟವಿತ್ತು.

ಕೊಡಬೇಕಾಗಿಲ್ಲದ್ದನ್ನು ಕೊಡುವುದೇ ದಯೆ ಎಂದು ತಿಳಿದಿದ್ದೆ. ಆದರೆ ಋಣವನ್ನು ಬೇಸರದಿಂದಲೂ ತೀರಿಸಬಹುದು, ದಯೆಯಿಂದಲೂ ತೀರಿಸಬಹುದು. ನಾನು ಬೇಸರದಿಂದ ತೀರಿಸಿದೆ.

ಪೆರೊ ಉಣಿಸುತ್ತಲೇ ಮುಖವನ್ನು ಬೀದಿಯತ್ತ ತಿರುಗಿಸಿದ್ದಾಳೆ. ಅಲ್ಲಿ ಯುವಕನೊಬ್ಬ ತನ್ನ ಮೇಲುಹೊದಿಕೆಯನ್ನು ಬೆತ್ತಲೆ ಭಿಕ್ಷುಕನೊಂದಿಗೆ ಹಂಚಿಕೊಳ್ಳುತ್ತಿದ್ದಾನೆ. ಹಿಂದೆ ಪಂಜಿನ ಬೆಳಕಿನಲ್ಲಿ ಹೆಣವೊಂದು ಸಾಗುತ್ತಿದೆ. ಸೆರೆಮನೆಗೆ ಕಂಬಿಗಳಿವೆ, ತನ್ನವರು, ಪರರು ಎಂಬ ಗೆರೆ ಮಾತ್ರ ಚಿತ್ರದಲ್ಲೆಲ್ಲೂ ಇಲ್ಲ.

ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಸಂಜೆಯ ಪಾಠ ನಿಲ್ಲಿಸಿಲ್ಲ. ಆದರೆ ಮನೆಯಲ್ಲಿ ಅಜ್ಜಿಯೋ ತಾತನೋ ಕಾಯುತ್ತಿರುವ ಮಗುವನ್ನು ಕತ್ತಲಾಗುವ ಮುಂಚೆಯೇ ಕಳಿಸಿಬಿಡುತ್ತೇನೆ.