ವಾದ್ಯಕ್ಕೆ ಕತ್ತೋ, ಕತ್ತಿಗೆ ವಾದ್ಯವೋ?



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಂದಗುಡಿ ಸುತ್ತಮುತ್ತ ಮದುವೆ, ಜಾತ್ರೆಗಳಲ್ಲಿ ಬ್ಯಾಂಡ್‌ಸೆಟ್ ಜೊತೆ ಸ್ಯಾಕ್ಸೊಫೋನ್ ನುಡಿಸುತ್ತಾನೆ. ಹೋದ ವರ್ಷ ಸಿಕ್ಕಿದಾಗ, "ಮೆರವಣಿಗೆ ಮುಗಿಯೋ ಹೊತ್ತಿಗೆ ಕತ್ತು ಕಿತ್ತು ಬರುತ್ತೆ ಸಾರ್" ಎಂದ. ನಾನು ಮೇಷ್ಟ್ರ ಗತ್ತಿನಲ್ಲಿ, "ತಡ್ಕೊಳಪ್ಪ, ವಿದ್ಯೆ ಅಂದ್ರೆ ತಪಸ್ಸು" ಎಂದುಬಿಟ್ಟೆ.

ಕೆಲವು ತಿಂಗಳ ಮೇಲೆ ಅವನೇ ಬಂದು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಅದರಲ್ಲಿದ್ದದ್ದು ಬೇಸ್ ಕ್ಲಾರಿನೆಟ್. ಮಾಮೂಲಿ ಕ್ಲಾರಿನೆಟ್‌ಗಿಂತ ಬಹಳ ಉದ್ದ, ಭಾರ. ಬುಡದಲ್ಲಿರುವ ಲೋಹದ ಕಡ್ಡಿ ನೆಲಕ್ಕೂರಿ ಭಾರ ಹೊರುತ್ತದೆ. ತುದಿಯ ಕೊಳವೆ ಬಾಯಿಯ ಕಡೆಗೆ ಬಾಗಿರುತ್ತದೆ. ನುಡಿಸುವಾಕೆ ಮೊದಲು ನೆಟ್ಟಗೆ ಕೂತಳು. ಆಮೇಲೆ ಕಡ್ಡಿಯ ಎತ್ತರ ಸರಿಮಾಡಿ, ಮೌತ್‌ಪೀಸನ್ನು ತುಟಿಯ ಮಟ್ಟಕ್ಕೆ ತಂದುಕೊಂಡಳು. ಕತ್ತು ವಾದ್ಯದ ಕಡೆಗೆ ಬಾಗಲಿಲ್ಲ. 1838ರಲ್ಲಿ ಈ ವಾದ್ಯವನ್ನು ಸುಧಾರಿಸಿದ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್‌ನೇ 1846ರಲ್ಲಿ ಸ್ಯಾಕ್ಸೊಫೋನಿಗೂ ಪೇಟೆಂಟ್ ಪಡೆದವನು.

ಹುಡುಗನೂ ಕನ್ನಡಿ ಮುಂದೆ ನೆಟ್ಟಗೆ ನಿಂತು ಬೆಲ್ಟನ್ನು ಗಿಡ್ಡ ಮಾಡಿಕೊಂಡ. ಭಾರವನ್ನು ಎರಡೂ ಭುಜಕ್ಕೆ ಹಂಚುವ ಬೆಲ್ಟ್ ತರಿಸಿದ. ನೋವು ಪೂರ್ತಿ ಹೋಗಿಲ್ಲ. ಆದರೆ ಉಸಿರು ಸಲೀಸಾಗಿದೆ, ಅಭ್ಯಾಸ ಮೊದಲಿಗಿಂತ ಹೆಚ್ಚಾಗಿದೆ.

ಅಂದು ನನಗೆ ನಾಚಿಕೆಯಾಯಿತು. ದೇಹವನ್ನು ದಂಡಿಸುವ ತಪಸ್ಸನ್ನು ಬಿಟ್ಟು ಮಧ್ಯಮ ಮಾರ್ಗ ಹಿಡಿದ ಬುದ್ಧನಿಗೆ ಶರಣು ಹೋದವನು ನಾನು. ಮಕ್ಕಳಿಗೆ ಮಾತ್ರ ತಪಸ್ಸಿನ ಪಾಠ!

ಸೋಣ ಕೋಳಿವಿಸ ಎಂಬ ಭಿಕ್ಕು ಪಾದಗಳಲ್ಲಿ ರಕ್ತ ಸೋರುವವರೆಗೆ ನಡೆದು ಸಾಧನೆ ಮಾಡಿದ. ವೀಣೆಯ ತಂತಿ ತೀರಾ ಬಿಗಿಯಾದರೂ ತೀರಾ ಸಡಿಲವಾದರೂ ನಾದ ಹೊಮ್ಮದು ಎಂದು ಬುದ್ಧರು ಅವನಿಗೆ ತಿಳಿಸಿದ ಕಥೆ ನಮಗೆಲ್ಲ ಗೊತ್ತು. ಮುಂದಿನ ಮಾತನ್ನು ಮರೆಯುತ್ತೇವೆ. ವಿನಯ ಪಿಟಕದ ಪ್ರಕಾರ ಬುದ್ಧರು ಬರೀ ಉಪದೇಶ ಮಾಡಿ ಸುಮ್ಮನಾಗಲಿಲ್ಲ, ಅವನಿಗೆ ಪಾದರಕ್ಷೆ ತೊಡಲು ಅನುಮತಿ ಕೊಟ್ಟರು. ಸಂಘಕ್ಕೆಲ್ಲ ಕೊಟ್ಟರೆ ಮಾತ್ರ ತೊಡುವೆ ಎಂದ ಸೋಣ. ಎಲ್ಲರಿಗೂ ಅನುಮತಿ ಸಿಕ್ಕಿತು. ಮೇಲ್ಜಾತಿ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ಹಿರಿಯರ ಮಕ್ಕಳಾದ ನಮಗೆ ಈ ಅನುಮತಿಯ ಬೆಲೆ ಗೊತ್ತಿರಬೇಕು.

ಹಾಗಾದರೆ ನೋವೇ ಬೇಡವೇ? ಹಾಗಲ್ಲ. ಕುರ್ಚಿಯಲ್ಲಿ ಜಾರಿ ಕೂತರೂ ಹಾಯೆನಿಸುತ್ತದೆ, ಆದರೆ ಉಸಿರು ಕಟ್ಟುತ್ತದೆ. ಅದು ಸಡಿಲ ತಂತಿ. 1927ರಲ್ಲಿ ಮಹಾಡ್‌ನ ಕೆರೆ ನೀರು ಮುಟ್ಟಿ ಪೆಟ್ಟು ತಿಂದವರೂ ನೋವು ಸಹಿಸಿದರು. ಅದು ದುಃಖದ ಕಾರಣವನ್ನು ಕೀಳಲು ಸಹಿಸಿದ ನೋವು. ಕಾರಣವನ್ನು ಹಾಗೇ ಉಳಿಸಲು ಸಹಿಸುವ ನೋವು ಬೇರೆ. "ನಿನ್ನ ಪಾಲಿಗೆ ಬಂದದ್ದು ಸಹಿಸು" ಎಂದು ನಮ್ಮವರಿಗೆ ತಲೆತಲಾಂತರದಿಂದ ಹೇಳಿದ್ದು ಆ ಎರಡನೆಯದನ್ನೇ. ಹಿಂದಿನ ಜನ್ಮದ ಕರ್ಮ ಎಂಬ ಆ ನೆಪವನ್ನು ಬಾಬಾಸಾಹೇಬರು ಒಪ್ಪಲಿಲ್ಲ. ನನ್ನ ಹುಡುಗನ ದುಃಖಕ್ಕೆ ಕಾರಣ ಉದ್ದವಾಗಿದ್ದ ಒಂದು ಬೆಲ್ಟು. ನಾನು ಅದನ್ನು ನೋಡಲೇ ಇಲ್ಲ.

ಇಂದು ಮನೆಯಲ್ಲಾಗಲಿ, ಕೆಲಸದಲ್ಲಾಗಲಿ ಯಾರಾದರೂ ನೋವು ಹೇಳಿಕೊಂಡರೆ, "ತಡ್ಕೋ" ಎನ್ನುವ ಮೊದಲು "ಎಲ್ಲಿ ನೋವು? ಯಾತರಿಂದ?" ಎಂದು ಕೇಳೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.