ಮರಳಿ ಬಂದ ಸ್ನೇಹ ಮತ್ತು ಗೃಹಸ್ಥಧರ್ಮ

ಶ್ರಾವಕನ ಐದು ಅಣುವ್ರತಗಳಲ್ಲಿ ನಾಲ್ಕನೆಯದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸ್ವದಾರಸಂತೋಷವೆಂದು ಹೆಸರಿಸಿದ್ದಾರೆ. ದಂಪತಿಗಳು ಜೊತೆಗಿರುವವರೆಗೆ ಇದರ ಅರ್ಥ ಸ್ಪಷ್ಟ. ಆದರೆ ಬಾಳಸಂಗಾತಿಯನ್ನು ಕಳೆದುಕೊಂಡ ಇಬ್ಬರು, ಒಂದು ಕಾಲಕ್ಕೆ ಕಾಲೇಜಿನಲ್ಲಿ ಪರಸ್ಪರ ಮೆಚ್ಚಿ ಹಿರಿಯರ ಮಾತಿಗೆ ಮಣಿದು ಬೇರೆಯಾದವರು, ಐವತ್ತು ದಾಟಿದ ಮೇಲೆ ಮತ್ತೆ ಸಂಧಿಸಿ ವಿವಾಹವಾಗಬಯಸಿದರೆ ಧರ್ಮ ಏನು ಹೇಳುತ್ತದೆ?

ನಮ್ಮ ಲಿಂಗಸುಗೂರಿನಂಥ ತಾಲ್ಲೂಕು ಊರಿನಲ್ಲಿ ಇಂಥ ವಿಷಯ ಮನೆಯೊಳಗೆ ಉಳಿಯುವುದಿಲ್ಲ. ಅಂಗಡಿಯ ಗಾದಿಯ ಮೇಲೂ ಮಂದಿರದ ಜಗಲಿಯ ಮೇಲೂ ಅದೇ ಮಾತಾಗುತ್ತದೆ. ಕೆಲವರು ಅದನ್ನು ಚಾಪಲ್ಯವೆಂದು ಹಳಿಯುತ್ತಾರೆ. ಕೆಲವರು ಅದೇ ನಿಜವಾದ ಪ್ರೇಮವೆಂದು ಹೊಗಳುತ್ತಾರೆ. ಎರಡೂ ಆತುರದ ತೀರ್ಪುಗಳು.

ಕ್ರಿ.ಶ. 941ರಲ್ಲಿ ಪಂಪ ಮಹಾಕವಿ ರಚಿಸಿದ ಆದಿಪುರಾಣದಲ್ಲಿಯೇ ಅಗಲಿ ಮತ್ತೆ ಕೂಡಿದ ಒಲವಿನ ಕಥೆಯಿದೆ. ಈಶಾನಕಲ್ಪದ ಲಲಿತಾಂಗದೇವನೂ ಸ್ವಯಂಪ್ರಭೆಯೂ ವಜ್ರಜಂಘ ಮತ್ತು ಶ್ರೀಮತಿಯಾಗಿ ಮನುಷ್ಯಲೋಕದಲ್ಲಿ ಹುಟ್ಟುತ್ತಾರೆ. ಶ್ರೀಮತಿಗೆ ಪೂರ್ವಜನ್ಮದ ಸ್ಮರಣೆಯಾಗುತ್ತದೆ. ಅವಳು ಬರೆದ ಚಿತ್ರಪಟವನ್ನು ದಾದಿ ಪಂಡಿತೆ ಜಿನಾಲಯದಲ್ಲಿ ತೆರೆದಿಡುತ್ತಾಳೆ. ವಜ್ರಜಂಘ ಅದನ್ನು ಗುರುತಿಸುತ್ತಾನೆ, ವಿವಾಹವೂ ಆಗುತ್ತದೆ. ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಕೇವಲ ಪ್ರೇಮಕಥೆಯಾಗುತ್ತಿತ್ತು. ಮುಂದೆ ಒಂದು ರಾತ್ರಿ, ಮುಚ್ಚಿದ ಶಯನಗೃಹದಲ್ಲಿ ತುಂಬಿದ ಧೂಪದ ಹೊಗೆಯಿಂದ ಅವರಿಬ್ಬರೂ ಒಟ್ಟಿಗೆ ಮಡಿಯುತ್ತಾರೆ. ಭೋಗದ ಸುಗಂಧವೇ ಪ್ರಾಣ ತೆಗೆಯಿತು.

ಆದರೆ ಆ ದಂಪತಿಗಳು ಬದುಕಿದ್ದಾಗ ಚಾರಣಮುನಿಗಳಿಗೆ ಆಹಾರದಾನ ಮಾಡಿದ್ದರು. ಆ ಪುಣ್ಯ ಅವರೊಂದಿಗೆ ನಡೆಯಿತು. ಜನ್ಮಾಂತರದಲ್ಲಿ ಪತ್ನಿಯಾಗಿದ್ದ ಜೀವ ಮಗನಾಗಿ ಹುಟ್ಟಿತು. ಕೊನೆಗೆ ವಜ್ರಜಂಘನ ಜೀವ ವೃಷಭತೀರ್ಥಂಕರನಾದಾಗ ಶ್ರೀಮತಿಯ ಜೀವ ಹಸ್ತಿನಾಪುರದ ಶ್ರೇಯಾಂಸಕುಮಾರನಾಗಿತ್ತು. ಆಹಾರ ನೀಡುವ ವಿಧಿ ತಿಳಿಯದ ಕಾಲದಲ್ಲಿ ಅವನಿಗೆ ಆ ಹಳೆಯ ದಾನದ ನೆನಪಾಗಿ ಭಗವಂತನಿಗೆ ಇಕ್ಷುರಸವನ್ನು ನೀಡಿದನು. ನಾವು ಆಚರಿಸುವ ಅಕ್ಷಯತೃತೀಯೆಯ ಮೂಲ ಇದೇ. ಒಲವು ಉಳಿದದ್ದರಿಂದ ಅದು ದೊಡ್ಡದಾಗಲಿಲ್ಲ. ದಾನವಾಗಿ ಮಾಗಿದ್ದರಿಂದ ದೊಡ್ಡದಾಯಿತು.

ಮರಳಿ ಬಂದ ಸ್ನೇಹವನ್ನು ಅಳೆಯುವ ಕೋಲು ಇಲ್ಲಿ ದೊರೆಯುತ್ತದೆ. ಮೊದಲ ಪರೀಕ್ಷೆ ಹಿಂದಿನದು. ವಿವಾಹಿತರಾಗಿದ್ದ ವರ್ಷಗಳಲ್ಲಿ ಹಳೆಯ ಮೋಹವನ್ನು ಮನಸ್ಸಿನಲ್ಲಿ ಗುಟ್ಟಾಗಿ ಪೋಷಿಸಿದ್ದರೆ, ಕಾಯದಿಂದ ಪಾಲಿಸಿದ ವ್ರತ ಭಾವದಲ್ಲಿ ಕೆಟ್ಟಂತೆಯೇ. ನೆನಪು ಬೇರೆ, ಆಸಕ್ತಿ ಬೇರೆ. ನೆನಪು ತಾನಾಗಿ ಬರುತ್ತದೆ. ಆಸಕ್ತಿಯನ್ನು ನಾವು ಸಾಕುತ್ತೇವೆ. ಈ ಲೆಕ್ಕವನ್ನು ಸಾಮಾಯಿಕದಲ್ಲಿ ಕುಳಿತು ಅವರವರೇ ತಪಾಸಣೆ ಮಾಡಿಕೊಳ್ಳಬೇಕು. ಯಾವ ಮಂದಿರದ ಟ್ರಸ್ಟಿಗೂ ಆ ವಹಿಯನ್ನು ತೆರೆಯುವ ಅಧಿಕಾರವಿಲ್ಲ. ಎರಡನೆಯ ಪರೀಕ್ಷೆ ಮುಂದಿನದು: ಈ ಸಂಗದಿಂದ ಕಷಾಯಗಳು ಶಾಂತವಾಗುವವೋ, ಬೆಳೆಯುವವೋ?

ಉಳಿದ ಆಯುಷ್ಯವನ್ನು ಬ್ರಹ್ಮಚರ್ಯದಲ್ಲಿ ಕಳೆಯುವುದು ಮೇಲಲ್ಲವೇ ಎಂದು ಕೇಳುವವರಿದ್ದಾರೆ. ನಿಸ್ಸಂದೇಹವಾಗಿ ಮೇಲು. ಆದರೆ ವ್ರತವೆಂದರೆ ಸ್ವಯಂ ಸ್ವೀಕರಿಸಿದ ನಿಯಮ. ಇತರರು ಹೇರಿದ್ದು ಬಂಧನ. ವಿಧುರನಿಗೆ ವರ್ಷ ತುಂಬುವ ಮೊದಲೇ ಕನ್ಯೆ ಹುಡುಕುವ ನಾವು ವಿಧವೆಗೆ ಮಾತ್ರ ವೈರಾಗ್ಯವನ್ನು ಬೋಧಿಸಿದರೆ, ಅದು ಎರಡು ತಕ್ಕಡಿಗಳ ವ್ಯಾಪಾರ. ಅಳತೆಯಲ್ಲಿ ಮೋಸ ಅಚೌರ್ಯವ್ರತದ ಅತಿಚಾರವೆಂಬುದನ್ನು ವರ್ತಕರಾದ ನಾವು ಮರೆಯಬಾರದು.

ಮಕ್ಕಳ ಅಳಲಿಗೂ ಕಿವಿಗೊಡಬೇಕು. ತಂದೆಯ ಅಥವಾ ತಾಯಿಯ ಸ್ಥಾನಕ್ಕೆ ಬೇರೊಬ್ಬರು ಬಂದರೆಂಬ ನೋವು ನಿಜವಾದದ್ದು. ಅದರ ಹಿಂದೆ ಕೆಲವೊಮ್ಮೆ ಆಸ್ತಿಯ ಭಯವೂ ಅಡಗಿರುತ್ತದೆ. 1856ರ ವಿಧವಾ ಪುನರ್ವಿವಾಹ ಕಾಯ್ದೆ ಮರುಮದುವೆಗೆ ಮಾನ್ಯತೆಯಿತ್ತರೂ ಗತಿಸಿದ ಪತಿಯ ಆಸ್ತಿಯ ಮೇಲಿನ ಹಕ್ಕನ್ನು ಕಸಿದಿತ್ತು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಪತಿಯ ಮರಣದಿಂದ ವಿಧವೆಗೆ ಬಂದ ಪಾಲು ಅವಳು ಮರುಮದುವೆಯಾದರೂ ಅವಳದೇ. ಆದ್ದರಿಂದ ವಿವಾಹಕ್ಕೆ ಮುನ್ನ ಯಾರಿಗೆ ಏನೆಂಬುದನ್ನು ಮಕ್ಕಳ ಸಮಕ್ಷಮ ಬರೆದಿಡುವುದು ಲೇಸು. ಪರಿಗ್ರಹಕ್ಕೆ ಮಿತಿ ಹಾಕಿದ ಮನೆಯಲ್ಲಿ ಜಗಳಕ್ಕೆ ಎಡೆ ಕಡಿಮೆ.

ಧರ್ಮಬಂಧುಗಳು ಇಂಥ ದಂಪತಿಗಳನ್ನು ಪಂಕ್ತಿಯಿಂದ ದೂರವಿಡದೆ, ಮೆರವಣಿಗೆಯನ್ನೂ ಮಾಡದೆ, ಇತರ ಗೃಹಸ್ಥರಂತೆಯೇ ಕಾಣಲಿ. ಆ ದಂಪತಿಗಳು ಅಗಲಿದವರ ಹೆಸರಿನಲ್ಲಿ ವರ್ಷಕ್ಕೊಮ್ಮೆಯಾದರೂ ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಒಂದನ್ನು ಕೈಗೊಳ್ಳಲಿ. ಶ್ರೀಮತಿ ಮತ್ತು ವಜ್ರಜಂಘರ ಶಯನಗೃಹದಲ್ಲಿ ಅಂದು ಕಿಟಕಿ ತೆರೆದಿರಲಿಲ್ಲ. ದಾನವು ಮನೆಯ ತೆರೆದ ಕಿಟಕಿ.